ಎಡಕ್ಕೆ ಸುಬೇದಾರ, ಬಲಕ್ಕೆ ಕಲೆಕ್ಟರ್

"ಮಂಚದ ಕೆಳಗೂ ಒಂದ್ಸಲ ನೋಡಿಬಿಡ್ರಿ ಸರ," ಎಂದಳು ದುರುಗಮ್ಮ. "ಎತ್ತು ಅಲ್ಲೇ ಮಕ್ಕೊಂಡಿದ್ರೂ ಮಕ್ಕೊಂಡಿರಬೇಕು."

ಅದು ಚುಚ್ಚುಮಾತು ಎಂಬುದು ನೀರಮಾನ್ವಿಯ ಕೋಳಿಗಳಿಗೂ ಗೊತ್ತಾಗುವಂತಿತ್ತು. ಜಯಸಿಂಹ ಸರ್‌ಗೆ ಮಾತ್ರ ಗೊತ್ತಾಗಲಿಲ್ಲ. ಧೋತರ ಮೇಲೆತ್ತಿ ಕಟ್ಟಿ, ಕನ್ನಡಕ ತೆಗೆದು ಜೇಬಿಗಿಟ್ಟು, ಮೊಣಕಾಲೂರಿ ಮಂಚದ ಕೆಳಗೆ ತಲೆ ಹಾಕಿದರು.

"ಎತ್ತಿಲ್ಲ," ಎಂದು ಒಳಗಿನಿಂದ ಧ್ವನಿ ಬಂತು. "ಒಂದು ಚಪ್ಪಲಿ ಅದ."

"ಅದನ್ನ ಯುಗಾದಿಯಿಂದ ಹುಡುಕಾಕತ್ತಿದ್ದೆ," ಎಂದು ದುರುಗಮ್ಮನ ಮಗಳು ಮೌನೇಶ್ವರಿ ಕೈ ಚಾಚಿದಳು.

ನಾನು ವಾಹಿದಾ. ರಾಯಚೂರಿನ ಕೋರ್ಟಿನಲ್ಲಿ ಜನ ಪ್ರಮಾಣ ಮಾಡಿ ಹೇಳುವ ಸುಳ್ಳುಗಳನ್ನು ತಪ್ಪಿಲ್ಲದೆ ಟೈಪು ಮಾಡಿ ನಿವೃತ್ತಳಾದವಳು. ಈಗ ಜಯಸಿಂಹ ಸರ್ ಅವರ ಪತ್ತೇದಾರಿಕೆಗೆ ಕಾರು, ಚಾಲಕಿ ಮತ್ತು ಸಾಮಾನ್ಯ ಬುದ್ಧಿ ಒದಗಿಸುತ್ತೇನೆ. ಮೊದಲ ಎರಡಕ್ಕೆ ಅವರು ಆಗಾಗ ಥ್ಯಾಂಕ್ಸ್ ಹೇಳುತ್ತಾರೆ. ಮೂರನೆಯದು ಅವರ ಗಮನಕ್ಕೆ ಇನ್ನೂ ಬಂದಿಲ್ಲ.

ಇಲ್ಲಿಯವರೆಗೆ ಆಗಿದ್ದು ಇಷ್ಟೇ: ರಾಯಚೂರಿನ ಅಕ್ಕಿ ಗಿರಣಿಯ ಮಾಲೀಕ ಪ್ರಭುರಾಜರ ಕಲ್ಲು ಎಳೆಯುವ ಸ್ಪರ್ಧೆಯ ಜೋಡೆತ್ತುಗಳ ಪೈಕಿ ಸುಬೇದಾರ ಕೊಟ್ಟಿಗೆಯಿಂದ ಮಾಯವಾಗಿದ್ದಾನೆ, ಕಲೆಕ್ಟರ್ ಉಳಿದಿದ್ದಾನೆ, ಸುಬೇದಾರನ ಕೊರಳ ಗೆಜ್ಜೆಸರ ದುರುಗಮ್ಮನ ಬೇಲಿಯ ಮೇಲೆ ಸಿಕ್ಕಿದೆ. ಎತ್ತು ಹುಡುಕಿಕೊಡಿ ಎಂದು ಪ್ರಭುರಾಜರೇ ಜಯಸಿಂಹ ಸರ್ ಬಳಿ ಬಂದಿದ್ದರು.

ದುರುಗಮ್ಮ ಆ ಎರಡೂ ಎತ್ತುಗಳನ್ನು ಕರುವಾಗಿದ್ದಾಗಿನಿಂದ ಸಾಕಿ ಪ್ರಭುರಾಜರಿಗೆ ಮಾರಿದವಳು. ಮಾರಿದ ದಿನ ಅತ್ತವಳು. ಅತ್ತದ್ದನ್ನು ಊರೆಲ್ಲ ನೋಡಿದೆ. ಈಗ ಅದೇ ಅಳು ಅವಳ ಮೇಲೆ ಸಾಕ್ಷಿಯಾಗಿ ಕುಳಿತಿದೆ.

"ಸಂಜಿತನಕ ಟೈಮ್ ಕೊಟ್ಟಾರ," ಎಂದಳು ಮೌನೇಶ್ವರಿ, ಚಪ್ಪಲಿಯ ಧೂಳು ಕೊಡವುತ್ತ. "ಅಷ್ಟರಾಗ ಎತ್ತು ಸಿಗಲಿಲ್ಲ ಅಂದ್ರ ಅವ್ವಂದೂ ನಂದೂ ಇಬ್ಬರ ಹೆಸರ ಮ್ಯಾಲೂ ಕಂಪ್ಲೇಂಟ್ ಕೊಡತಾರಂತ. ನಾನು ಪೊಲೀಸ್ ಕೆಲಸಕ್ಕ ಆಯ್ಕೆ ಆಗೀನಿ ಸರ್. ಓಟ ಓಡಿದೆ, ಗುಂಡು ಎಸದೆ, ಪರೀಕ್ಷೆ ಬರದೆ. ಇನ್ನ ಬಾಕಿ ಇರೋದು ನಡತಿ ವಿಚಾರಣೆ ಒಂದೇ. ಅದೇ ಠಾಣೆಯವರು ಬಂದು ಕೇಳತಾರ. ಎತ್ತಿನ ಕಳ್ಳಿ ಅಂತ ಹೆಸರು ಬಂದ್ರ ಯಾರು ಖಾಕಿ ಕೊಡತಾರ?"

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಜಯಸಿಂಹ ಸರ್ ಮಂಚದ ಕೆಳಗಿನಿಂದ ಹೊರಬಂದು ಕನ್ನಡಕ ಹಾಕಿಕೊಂಡರು. "ಹೆದರಬ್ಯಾಡವ್ವ. ನೀವಿಬ್ಬರೂ ಇನ್ನ ಎರಡೇ ಪೇಪರಿನಾಗ ಪಾಸ್ ಆಗೀರಿ ಅಷ್ಟೇ."

"ಪಾಸ್ ಆದ್ರ ಚಲೋ ಅಲ್ಲೇನ್ರಿ?"

"ಅಲ್ಲ. ಪಾಸ್ ಆದವರು ಕಳ್ಳರು."

ಇದನ್ನು ಬಿಡಿಸಿ ಹೇಳಬೇಕು. ಜಯಸಿಂಹ ಸರ್ ಮೂಲತಃ ಮಾನ್ವಿಯ ಆಚಾರ್ಯರ ಮನೆತನದವರು. ರಾಯಚೂರಿನ ಒಂದು ಟ್ಯುಟೋರಿಯಲ್‌ನಲ್ಲಿ ಮೇಷ್ಟರಾಗಿದ್ದರು. ನಪಾಸಾದವರನ್ನು ಪಾಸು ಮಾಡಿಸುವ ಅಂಗಡಿ ಅದು. ಸಂಬಳ ಸರಿಯಾಗಿ ಬಾರದೆ ಉಳಿದ ಮೇಷ್ಟರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಬೇರೆಲ್ಲಿ ಹೋಗಬೇಕೆಂದು ತೋಚದ ಇವರೊಬ್ಬರೇ ಉಳಿದು ಗಣಿತ, ಭೌತಶಾಸ್ತ್ರ, ಜೀವಶಾಸ್ತ್ರ, ಅರ್ಥಶಾಸ್ತ್ರ, ಭೂಗೋಳ, ಚರಿತ್ರೆ ಎಲ್ಲವನ್ನೂ ಕಲಿಸಿದರು. ಅದರಿಂದ ಹುಡುಗರಿಗೆ ಏನಾಯಿತೋ ಕಾಣೆ, ಇವರಿಗೆ ಮಾತ್ರ ಒಂದು ಹುಚ್ಚು ಅಂಟಿಕೊಂಡಿತು. ಲೋಕದ ಯಾವ ಪ್ರಶ್ನೆಯನ್ನೂ ಒಂದೇ ವಿಷಯ ಹಿಡಿದು ಬಿಡಿಸಬಾರದಂತೆ.

"ಗಣಿತದಾಗ ನೂರಕ್ಕ ನೂರು ತಗೊಂಡು ಐದರಾಗ ನಪಾಸಾದವನಿಗೆ ಪಾಸ್ ಅಂತೀವೇನು?" ಎಂದು ಕೇಳುತ್ತಾರೆ. "ಅಪರಾಧಿನೂ ಹಂಗೇ. ಆರೂ ಪೇಪರಿನಾಗ ಪಾಸಾದವನೇ ಅಪರಾಧಿ. ಒಂದರಾಗ ಫೇಲಾದ್ರೂ ಬಿಟ್ಟುಬಿಡಬೇಕು."

ಕೇಳಲು ಚೆನ್ನಾಗಿದೆ. ಆದರೆ ನನಗೊಂದು ಅನುಮಾನ ಮೊದಲಿನಿಂದಲೂ ಇದೆ. ಚರಿತ್ರೆಯ ಪಾಠವನ್ನು ಅವರು ಎಂದೂ ಪೂರ್ತಿ ಮಾಡಿದವರಲ್ಲ. ಯಾವಾಗಲೂ ಕೊನೆಗೆ ಇಟ್ಟು, ಪರೀಕ್ಷೆಯ ಹಿಂದಿನ ದಿನ ಗಡಿಬಿಡಿಯಲ್ಲಿ ಮುಗಿಸುತ್ತಿದ್ದರಂತೆ. ಅವರ ಹಳೆಯ ವಿದ್ಯಾರ್ಥಿಗಳು ಇಂದಿಗೂ ರಾಜರ ಹೆಸರು ಕೇಳಿದರೆ ದಾರಿ ಬದಲಿಸುತ್ತಾರೆ.

ದುರುಗಮ್ಮ ಚಹಾ ತಂದಳು. ಕಪ್ಪನ್ನು ಅವರ ಮುಂದೆ ಇಟ್ಟು, ಆಚಾರ್ಯರ ಮಗ ಕುಡಿಯುತ್ತಾನೋ ಇಲ್ಲವೋ ಎಂದು ಗೋಡೆಗೆ ಒರಗಿ ನೋಡುತ್ತ ನಿಂತಳು. ಗೋಡೆಯ ಮೇಲೆ ಬುದ್ಧನ ಪಟ ಇತ್ತು, ಅವನೂ ನೋಡುತ್ತಿದ್ದ. ಸರ್ ಒಂದೇ ಗುಟುಕಿಗೆ ಕುಡಿದು, ನಾಲಿಗೆ ಸುಟ್ಟುಕೊಂಡು, ಇನ್ನೊಂದು ಕಪ್ಪು ಕೇಳಿದರು. ದುರುಗಮ್ಮನ ಮುಖ ಸ್ವಲ್ಪ ಸಡಿಲವಾಯಿತು.

"ನೋಡವ್ವ," ಎಂದರು ಸರ್. "ಗಣಿತದ ಪ್ರಕಾರ ಕಾಣೆಯಾದ ದನಗಳೊಳಗ ಬಾಳಷ್ಟು ಕಳುವಾದವಲ್ಲ, ತಾವೇ ನಡಕೋತ ಹೋದವು. ಎಲ್ಲಿಗೆ ಹೋಗತಾವು? ಹುಟ್ಟಿದ ಮನಿಗೆ. ಅದಕ್ಕೇ ಮೊದಲು ನಿಮ್ಮ ಮನಿಗೆ ಬಂದೆ."

"ಬಂದಿದ್ರ ನಾನೇ ಹೊಡಕೊಂಡು ಹೋಗಿ ಬಿಟ್ಟು ಬರತಿದ್ದೆ. ಅವರ ಹುಲ್ಲಿಗೆ ಅವರು, ನನ್ನ ಗಂಜಿಗೆ ನಾನು."

"ಇನ್ನೊಂದು ಭೌತಶಾಸ್ತ್ರ. ಅಷ್ಟು ದೊಡ್ಡ ಎತ್ತು, ಎಳದಾಡಿದ ಗುರುತು ಕೊಟ್ಟಿಗಿಯಾಗ ಇಲ್ಲಂತ ಪ್ರಭುರಾಜರು ಹೇಳ್ಯಾರ. ಅಂದ್ರ ಒಲ್ಲೆ ಅನ್ನಲಿಲ್ಲ. ಗುರುತಿನವರ ಹಿಂದೆ ಹೋಗೇದ. ನೀವು ಗುರುತಿನವರು."

"ಯಪ್ಪಾ, ನೀ ನನ್ನ ಬಿಡಿಸಾಕ ಬಂದೀಯೋ ಸಿಗಸಾಕ ಬಂದೀಯೋ?"

"ಆದ್ರ ಗೆಜ್ಜೆಸರ," ಎಂದರು ಸರ್, ಅವಳ ಪ್ರಶ್ನೆ ಕೇಳಿಸದವರಂತೆ. "ಲೆಕ್ಕ ಬಿಡಿಸಲಿಕ್ಕೆ ಬಾರದಿದ್ದಾಗ ಉತ್ತರದಿಂದ ಹಿಂದಕ್ಕ ಬರ್ರಿ ಅಂತ ಹೇಳತಿದ್ದೆ ನಾನು. ಈಗ ನಾನೇ ಕಳ್ಳ. ಎತ್ತು ಕದ್ದೀನಿ. ಸಿಕ್ಕೊಂಡು ಬೀಳಬೇಕಂದ್ರ ಏನೇನು ಮಾಡಬೇಕು? ಒಂದು, ಗಲ್ ಗಲ್ ಅನ್ನೋ ಸರ ಬಿಚ್ಚದೇ ಹೊಡಕೊಂಡು ಬರಬೇಕು. ಎರಡು, ಮನಿ ಮುಟ್ಟಿದ ಮ್ಯಾಲೆ ಬಿಚ್ಚಿ ಬೇಲಿ ಮ್ಯಾಲೆ ಒಣಗಲಿಕ್ಕೆ ಹಾಕಬೇಕು. ಇಷ್ಟು ಶಿಸ್ತಿನಿಂದ ಸಿಕ್ಕೊಂಡು ಬೀಳೋ ಕಳ್ಳರನ್ನ ನಾನು ನೋಡಿಲ್ಲ."

"ಹಂಗಾದ್ರ ನಾವು ಫೇಲ್ ಏನ್ರಿ?" ಎಂದಳು ಮೌನೇಶ್ವರಿ ಆಸೆಯಿಂದ.

"ಫೇಲಾಗೋ ಲಕ್ಷಣ ಅದಾವ."

ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ನಪಾಸಾಗುವುದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಅದೇ ಮೊದಲು ಕಂಡದ್ದು.

"ಎತ್ತು ಏನು ತಿಂತಿತ್ತು?" ಎಂದು ಸರ್ ಕೇಳಿದರು.

"ಕಲ್ಲು ಎಳಿಯೋ ಎತ್ತುರೀ, ಮನಿ ಅಳಿಯ ಇದ್ದಂಗ. ನೆನಸಿದ ಹುರಳಿ, ಹಿಂಡಿ, ಮ್ಯಾಲೆ ಹಾಲಿನಾಗ ತತ್ತಿ ಕಲಸಿ ಬಿದಿರಿನ ಗೊಟ್ಟದಾಗ ಕುಡಸಬೇಕು. ಒಂದು ದಿನ ತಪ್ಪಿದ್ರೂ ಮಾರಿ ತಿರುವತಾವು."

ತತ್ತಿ ಎಂಬ ಮಾತಿಗೆ ಸರ್ ಒಂದು ಕ್ಷಣ ಕಣ್ಣು ಮುಚ್ಚಿದರು. ಅವರ ಮನೆಯಲ್ಲಿ ಆ ಶಬ್ದ ಆಡುವುದಿಲ್ಲ. ಕಣ್ಣು ತೆರೆದಾಗ ಮುಖದಲ್ಲಿ ಬೆಳಕಿತ್ತು.

"ಜೀವಶಾಸ್ತ್ರ ಅರ್ಥಶಾಸ್ತ್ರ ಎರಡೂ ಕೂಡಿದವು. ಎತ್ತನ್ನ ಬಚ್ಚಿಡಬಹುದು, ಅದರ ಹಸಿವನ್ನ ಬಚ್ಚಿಡಲಿಕ್ಕೆ ಆಗಂಗಿಲ್ಲ. ಎಲ್ಲೋ ಒಂದು ಅಂಗಡ್ಯಾಗ ಯಾರೋ ಒಬ್ಬರು ಇದ್ದಕ್ಕಿದ್ದಂಗ ಆ... ಆ ವಸ್ತುವನ್ನ ಬಾಳ ಒಯ್ಯಾಕತ್ತಿರಬೇಕು. ಭೂಗೋಳ ನೋಡ್ರಿ. ಈಗ ಮಾನ್ವಿಯಿಂದ ಸಿರವಾರದ ತನಕ ಕಾಲುವಿ ನೀರು ಬಿಟ್ಟು ನಾಟಿ ನಡದದ, ಎಲ್ಲಿ ಕಾಲಿಟ್ಟರೂ ಕೆಸರು. ಸ್ಪರ್ಧಾಕ್ಕ ನಿಲ್ಲೋ ಎತ್ತಿನ ಗೊರಸು ಕೆಸರಿನಾಗ ಮೆತ್ತಗಾಗತದ. ಗಟ್ಟಿ ನೆಲ ಬೇಕು. ದೇವದುರ್ಗದ ಕಡೆ ಕಲ್ಲುನೆಲ. ವಾಹಿದಾ ಮೇಡಂ, ದೇವದುರ್ಗದಾಗ ಆ ವಸ್ತು ಮಾರೋವರು ಯಾರರ ಗೊತ್ತಿದಾರೇನು?"

ಗೊತ್ತಿರದೆ ಏನು. ನನ್ನ ನಾದಿನಿಯ ಅಂಗಡಿ ಅಲ್ಲೇ ಇದೆ. ಫೋನು ಹಚ್ಚಿದೆ. ಅವಳು ಮೊದಲು ನಾನು ಬಕ್ರೀದಿಗೆ ಬರಲಿಲ್ಲವೆಂದು ಬೈದಳು, ಆಮೇಲೆ ಹೇಳಿದಳು:

"ಹೊಸಾ ಗಿರಾಕಿ ಒಬ್ಬ ಇದಾನ ಭಾಬಿ. ದಲ್ಲಾಳಿ ಹಾಲೇಶ. ದಿನಾ ಒಂದು ಟ್ರೇ ತಗೊಂಡು ಹೋಗತಾನ. ನನಗೂ ಆಶ್ಚರ್ಯ. ಒಂಟಿ ಮನುಷ್ಯ. ಮ್ಯಾಲೆ ಕೊಳ್ಳಾಗ ಲಿಂಗ."

ನಾನು ಹೇಳಿದಾಗ ಸರ್ ಎದ್ದು ನಿಂತರು.

ಹೊರಡುವ ಮುಂಚೆ ಅವರು ಎರಡು ಕೆಲಸ ಮಾಡಿದರು. ಮೊದಲನೆಯದು ಮೌನೇಶ್ವರಿಯನ್ನು ಸ್ಕೂಟಿಯ ಮೇಲೆ ರಾಯಚೂರಿಗೆ, ಪ್ರಭುರಾಜರ ಕೊಟ್ಟಿಗೆಗೆ ಕಳಿಸಿದ್ದು.

"ಬೀಜದ ಪ್ರಯೋಗ ಮಾಡೀರಿಲ್ಲೋ ಶಾಲಿಯಾಗ? ಒಂದು ಕುಂಡ ಕತ್ತಲದಾಗ, ಒಂದು ಕುಂಡ ಬಿಸಲಾಗ. ಬಿಸಲಾಗಿಂದು ನೋಡದೇ ಕತ್ತಲದಾಗಿಂದು ಯಾಕ ಬಾಡಿತು ಅಂತ ಹೇಳಲಿಕ್ಕೆ ಬರಂಗಿಲ್ಲ. ಎಲ್ಲರೂ ಹೋದ ಎತ್ತಿನ ಹಿಂದೇ ಹತ್ತಿವಿ. ಉಳದ ಎತ್ತನ್ನ ಯಾರೂ ನೋಡಿಲ್ಲ. ನಿನಗ ಅವು ಸಣ್ಣಾಗಿಂದ ಗೊತ್ತು. ಕಲೆಕ್ಟರ್ ಹೆಂಗ ನಿಂತದ, ಏನು ತಿಂದದ, ನೋಡಿ ಹೇಳು."

"ಅದಕ್ಕ ನೋಡೋದೇನದ," ಎಂದಳು ದುರುಗಮ್ಮ. "ಕಲೆಕ್ಟರ್ ಬಲಕ್ಕ, ಸುಬೇದಾರ ಎಡಕ್ಕ. ಕರು ಇದ್ದಾಗಿಂದ ಹಂಗೇ. ನೀರು ಕುಡಿಯಾಕ ಹೋದ್ರೂ ಹಂಗೇ ಹೋಗತಾವು. ಅದಲು ಬದಲು ಮಾಡಿದ್ರ ನೊಗಕ್ಕ ಕೊಳ್ಳೇ ಕೊಡಂಗಿಲ್ಲ."

ಎರಡನೆಯದು, ಪ್ರಭುರಾಜರಿಗೆ ಫೋನು. ಸರ್ ಅಂಗಳದ ಬೇವಿನ ಗಿಡದ ಆಚೆ ಹೋಗಿ ಮಾತಾಡಿದರು, ಸಿಗ್ನಲ್ ಅಲ್ಲೇ ಸಿಗುತ್ತಿತ್ತು. ತಿರುಗಿ ಬಂದಾಗ ಖುಷಿಯಲ್ಲಿದ್ದರು.

"ಎಷ್ಟು ದೊಡ್ಡ ಮನುಷ್ಯ ನೋಡ್ರಿ. ಹುಡುಗಿ ಬರತಾಳ ಅಂದೆ. ಅವಶ್ಯ ಕಳಸ್ರಿ, ಬಾಗಿಲ ತಗದೇ ಇಟ್ಟಿರತೀನಿ ಅಂದ್ರು. ದೇವದುರ್ಗಕ್ಕೂ ತಾವೇ ಬರತಾರಂತ, ಎತ್ತು ಗುರುತು ಹಿಡಿಲಿಕ್ಕೆ."

"ಹಾಲೇಶನ ಹೆಸರು ಹೇಳಿದ್ರೇನು?"

"ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಾದ್ರು. ಪಾಪ, ಆನಂದ ಆಗಿರಬೇಕು."

ಕೋರ್ಟಿನಲ್ಲಿ ನಾನು ಕಂಡ ಮಟ್ಟಿಗೆ ಜನ ಆನಂದವಾದಾಗ ಸುಮ್ಮನಾಗುವುದಿಲ್ಲ. ಆದರೆ ಕಾರಿನ ಕೀಲಿ ಸಿಗದೆ ಹುಡುಕುತ್ತಿದ್ದೆ, ಆ ಮಾತು ಬಾಯಲ್ಲೇ ಉಳಿಯಿತು.

ಸಿರವಾರದಲ್ಲಿ ಒಗ್ಗರಣೆ ಮಿರ್ಚಿಗೆ ನಿಂತೆವು. ದುರುಗಮ್ಮನೂ ನಾನೂ ತಿಂದು ಕೈ ತೊಳೆದೆವು. ಸರ್ ಇನ್ನೂ ಬಾಣಲೆಯ ಮುಂದೆ ನಿಂತು ಮಿರ್ಚಿ ಬಜ್ಜಿಯೋ ಮಂಡಕ್ಕಿ ಒಗ್ಗರಣೆಯೋ ಎಂದು ತೂಗುತ್ತಿದ್ದರು. ಎಣ್ಣೆಯ ಬಣ್ಣ ಜೀವಶಾಸ್ತ್ರಕ್ಕೆ ಹೊಂದುತ್ತಿರಲಿಲ್ಲ. ಒಂದನ್ನು ತಿಂದರೆ ಇನ್ನೊಂದರ ಜಾಗ ಹೋಗುತ್ತದೆ, ಅದು ಅರ್ಥಶಾಸ್ತ್ರ. ಅಂಗಡಿಯವನೇ ತಿನ್ನುತ್ತಿಲ್ಲ, ಅದು ಯಾವ ಶಾಸ್ತ್ರವೋ ಏನೋ. ಅವರು ತೀರ್ಮಾನಕ್ಕೆ ಬರುವಷ್ಟರಲ್ಲಿ ಎರಡೂ ಮುಗಿದಿದ್ದವು. ದಾರಿಯುದ್ದಕ್ಕೂ ಬಾಳೆಹಣ್ಣು ತಿಂದರು.

"ಈ ಮನಷ್ಯಾ ನನ್ನ ಮಗಳ ನೌಕರಿ ಉಳಸತಾನೇನಕ್ಕಾ?" ಎಂದು ದುರುಗಮ್ಮ ನನ್ನ ಕಿವಿಯಲ್ಲಿ ಕೇಳಿದಳು.

"ಊಟದ ವಿಷಯದಾಗ ಹಿಂಗ. ಉಳಿದದ್ದರಾಗ ಪರವಾಗಿಲ್ಲ," ಎಂದೆ. ನನಗೂ ಅದರಲ್ಲಿ ಪೂರ್ತಿ ನಂಬಿಕೆ ಇರಲಿಲ್ಲ.

ಹಾಲೇಶನ ಮನೆ ದೇವದುರ್ಗದ ಹೊರಗೆ, ಬಂಡೆಯ ಮೇಲೇ ಕಟ್ಟಿದ್ದು. ಅಂಗಳಕ್ಕೆ ಹಾಸುಗಲ್ಲು ಬೇಕಾಗಿರಲಿಲ್ಲ, ನೆಲವೇ ಕಲ್ಲು. ಮೂಲೆಯಲ್ಲಿ ತತ್ತಿಯ ಸಿಪ್ಪೆ ಮೊಣಕಾಲೆತ್ತರ ಬಿದ್ದಿತ್ತು. ಅದರ ಪಕ್ಕ, ಕೋಡುಗಳಿಗೆ ಹೊಸದಾಗಿ ಹಸಿರು ಬಣ್ಣ ಬಳಿಸಿಕೊಂಡು, ಸುಣ್ಣ ಹೊಡೆದ ಗೋಡೆಯಷ್ಟು ಬೆಳ್ಳಗೆ ಒಂದು ಎತ್ತು ನಿಂತಿತ್ತು.

ದುರುಗಮ್ಮನನ್ನು ಕಂಡದ್ದೇ ಅದು ಕಿವಿ ನಿಮಿರಿಸಿತು. ಅವಳು ಓಡಿ ಹೋಗಿ ಕೊರಳ ಗಂಗೆದೊಗಲು ನೀವಿದಳು, ಗೊರಸು ಮುಟ್ಟಿದಳು, ಏನೋ ಹೇಳಲು ಬಾಯಿ ತೆರೆದಳು.

"ಒಂದು ಮಾತೂ ಬ್ಯಾಡ," ಎಂದು ಸರ್ ತಡೆದರು. ಆಮೇಲೆ ಮೆಲ್ಲಗೆ: "ನೋಡಿದವರು ಇಬ್ಬರು ಆದ್ರ ಒಬ್ಬರ ಮಾತು ಇನ್ನೊಬ್ಬರು ಕೇಳಬಾರದು. ಯಾವ ಎತ್ತು ಅಂತ ವಾಹಿದಾ ಮೇಡಂ ಕಿವಿಯಾಗ ಹೇಳ್ರಿ. ಪ್ರಭುರಾಜರು ಬರೋ ತನಕ ಅದು ಅಲ್ಲೇ ಇರಲಿ."

ಅವಳು ಹೇಳಿದ ಹೆಸರು ಕೇಳಿ ನಾನು ಅವಳ ಮುಖವನ್ನೇ ನೋಡಿದೆ. ಅವಳು ಹೇಳಿದ್ದು, ಕಲೆಕ್ಟರ್.

ಹಾಲೇಶ ಒಳಗಿನಿಂದ ಬಂದ. ದಪ್ಪ ಮೀಸೆ, ತೆಳ್ಳಗಿನ ಆಳು.

"ಈ ತತ್ತಿ ಯಾರು ತಿಂದದ್ದು?" ಎಂದೆ ನಾನು, ಸರ್ ಆ ಶಬ್ದ ಆಡಲಾರರೆಂದು.

"ಶಿವ ಶಿವ. ನಾವು ಮುಟ್ಟಂಗಿಲ್ರೀ."

"ಹಂಗಾದ್ರ ಎತ್ತು ತಿಂದದ. ಎತ್ತು ಎಲ್ಲಿಂದ ಬಂತು?"

"ಕೊಂಡಕೊಂಡೀನ್ರಿ. ನ್ಯಾಯವಾಗಿ." ಅವನು ಬಾಯಿಪಾಠ ಒಪ್ಪಿಸುವವನಂತೆ ಆಕಾಶ ನೋಡಿದ. "ನೀರಮಾನ್ವಿ ದುರುಗಮ್ಮ ಅಂತ ಒಬ್ಬಾಕಿ ತಂದು ಮಾರಿದಳು. ಆಕಿ ಮಗಳೂ ಇದ್ದಳು."

ದುರುಗಮ್ಮ ಎತ್ತಿನ ಹಿಂದಿನಿಂದ ಈಚೆ ಬಂದಳು. ನಾನು ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು ಬಹಳ ಮರ್ಯಾದೆಯಿಂದ ಕೇಳಿದಳು:

"ಆಕಿ ಹೆಂಗದಾಳ್ರೀ ನೋಡಾಕ?"

"ಎತ್ತರ ಅದಾಳ."

ದುರುಗಮ್ಮ ನನ್ನ ಭುಜಕ್ಕೆ ಬರುತ್ತಾಳೆ. ನಾನೇ ಎತ್ತರದವಳಲ್ಲ.

"ಬಾಳ ಎತ್ತರೇನ್ರಿ?"

"ಬಾಳ. ಬಾಗಿಲಾಗ ಬಗ್ಗಿ ಬಂದಳು."

"ಮಾತು ಕತಿ ಹೆಂಗ?"

"ಮಾತು ಕಡಿಮಿ. ಗಂಭೀರ ಹೆಣಮಗಳು."

"ಏ ಯವ್ವಾ," ಎಂದಳು ದುರುಗಮ್ಮ, "ಅಂಥಾಕಿ ಒಬ್ಬಾಕಿ ನಮ್ಮೂರಾಗ ಇದ್ದಾಳ ಅಂದ್ರ ನಾನೇ ಹೋಗಿ ನೋಡಿ ಬರತೀನಿ. ಲೇ ಹಾಲೇಶ, ನಾನೇ ದುರುಗಮ್ಮ."

ಹಾಲೇಶ ಅವಳನ್ನು ಮೇಲಿನಿಂದ ಕೆಳಗೆ ನೋಡಿದ. ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಅವತ್ತು ಬಂಡಿ ಮ್ಯಾಲೆ ಕುಂತಿದ್ರಿ," ಎಂದ. "ಎತ್ತರ ಕಾಣಿಸಿದ್ರಿ."

"ಬಾಗಿಲಾಗ ಬಂಡಿ ಸಮೇತ ಬಗ್ಗಿ ಬಂದೆನೇನು?"

ಹಾಲೇಶ ಹಾಸುಬಂಡೆಯ ಮೇಲೆ ಕುಳಿತುಬಿಟ್ಟ. ಯಾರು ಕಲಿಸಿಕೊಟ್ಟ ಪಾಠ ಇದು ಎಂದು ಸರ್ ಕೇಳಿದರು. ಅವನು ಮೀಸೆ ಕಚ್ಚಿಕೊಂಡು ರಸ್ತೆಯ ಕಡೆ ನೋಡತೊಡಗಿದ. ನಾವೂ ನೋಡಿದೆವು. ಬಿಳಿ ಕಾರೊಂದು ಧೂಳೆಬ್ಬಿಸುತ್ತ ಬಂದು ನಿಂತಿತು.

ಪ್ರಭುರಾಜ ಇಳಿದರು. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಬೂಟು. ಸೀದಾ ಹೋಗಿ ಎತ್ತಿನ ಕೊರಳು ತಬ್ಬಿ, "ಸುಬೇದಾರಾ, ನನ್ನಪ್ಪಾ, ಎಷ್ಟು ಸೊರಗೀಯೋ," ಎಂದು ಅತ್ತರು.

ದಿನಾ ಒಂದು ಟ್ರೇ ತತ್ತಿ ತಿಂದ ಎತ್ತು ಅವರನ್ನು ನೋಡಿ ಮುಖ ತಿರುಗಿಸಿತು.

ನಾನು ಸರ್ ಪಕ್ಕ ಹೋಗಿ ದುರುಗಮ್ಮ ನನ್ನ ಕಿವಿಯಲ್ಲಿಟ್ಟದ್ದನ್ನು ಅವರ ಕಿವಿಗೆ ದಾಟಿಸಿದೆ. ಅವರು ಬಾಳೆಹಣ್ಣಿನ ಸಿಪ್ಪೆಯನ್ನು ಮಡಚಿ ಮಡಚಿ ಜೇಬಿಗಿಟ್ಟುಕೊಂಡರು. ಯೋಚನೆ ಓಡುತ್ತಿರುವಾಗ ಅವರು ಹಾಗೆ ಮಾಡುತ್ತಾರೆ.

"ಸರ್, ನಿಮ್ಮ ಉಪಕಾರ ಮರಿಯಂಗಿಲ್ಲ," ಎಂದರು ಪ್ರಭುರಾಜ ಕಣ್ಣೊರೆಸಿಕೊಂಡು. "ಹಾಲೇಶ ಎಲ್ಲಾ ಹೇಳಿರಬೇಕಲ್ಲ? ಮಾರಿದವರು ಯಾರು ಅಂತ?"

"ಹೇಳಿದ. ಅವನು ಹೇಳಿದ ಹೆಣಮಗಳು ಇನ್ನ ಹುಟ್ಟಿಲ್ಲ."

"ಅವನದು ಬಿಡ್ರಿ. ಗೆಜ್ಜೆಸರ ಅಂತೂ ಈಕಿ ಬೇಲಿ ಮ್ಯಾಲೇ ಇತ್ತಲ್ಲ. ಸಂಜಿಗೆ ಠಾಣೆಗೆ ಹೋಗೋದು ತಪ್ಪಂಗಿಲ್ಲ."

ದುರುಗಮ್ಮ ಇನ್ನು ತಡೆಯಲಾರದೆ ಹೋದಳು. "ಅದು ಸುಬೇದಾರ ಅಲ್ಲ. ಕಲೆಕ್ಟರ್. ಎದಿಯುದ್ದ ಸಾಕೀನಿ, ನನಗ ಗೊತ್ತಿಲ್ಲೇನು?"

"ಕಳ್ಳಿ ಮಾತು ಯಾರು ಕೇಳತಾರ? ನನ್ನ ಎತ್ತು ನನಗ ಗೊತ್ತಿಲ್ಲೇನು?"

ಇಬ್ಬರೂ ಸರ್ ಕಡೆ ತಿರುಗಿದರು. ನಾನೂ ತಿರುಗಿದೆ. ಮಿರ್ಚಿ ಒಗ್ಗರಣೆಗಳ ನಡುವೆ ತೀರ್ಮಾನ ಮಾಡಲಾರದ ಮನುಷ್ಯನ ಮುಂದೆ ಈಗ ಒಂದು ಹುಡುಗಿಯ ಬದುಕು ಇತ್ತು.

"ಪ್ರಭುರಾಜರೇ," ಎಂದರು ಸರ್, "ಸುಬೇದಾರ ಯಾವ ಕಡೆ ನಿಲ್ಲತದ?"

"ಎಡಕ್ಕ. ಇಡೀ ಜಿಲ್ಲಾಕ್ಕ ಗೊತ್ತು."

"ಖಾತ್ರಿ?"

"ಖಾತ್ರಿ. ಸ್ಪರ್ಧಾದಾಗ ನೋಡಿಲ್ಲೇನು?"

"ಹಂಗಾದ್ರ ಚರಿತ್ರೆ ಪೇಪರ್ ತಗೊಳ್ಳೋಣ," ಎಂದರು ಸರ್. "ಇಬ್ಬರು ಎರಡು ಕಥಿ ಹೇಳಿದಾಗ ಯಾರ ದನಿ ದೊಡ್ಡದು ಅಂತ ನೋಡಬಾರದು. ಮೂರನೇ ಸಾಕ್ಷಿ ಹುಡುಕಬೇಕು. ಒಂದು ಕಲ್ಲು, ಒಂದು ನಾಣ್ಯ, ಯಾವುದೋ ಒಂದು. ಯಾರ ಹಂಗಿನಾಗೂ ಇಲ್ಲದ್ದು."

ಅಂಗಳದಲ್ಲಿ ಹಳೆಯ ನೊಗವೊಂದು ಬಿದ್ದಿತ್ತು. ಸರ್ ಅದರ ಒಂದು ತುದಿ ಹಿಡಿದರು, ಇನ್ನೊಂದನ್ನು ನನಗೆ ತೋರಿಸಿದರು. ಆ ನೊಗ ಎತ್ತಿನ ಅಳತೆಗೆ ಮಾಡಿದ್ದು, ನಿವೃತ್ತ ಟೈಪಿಸ್ಟಿನ ಅಳತೆಗಲ್ಲ. ಹೇಗೋ ಎತ್ತಿ ನಿಂತೆವು. ಎಡಭಾಗಕ್ಕೆ ಸರ್, ಬಲಭಾಗಕ್ಕೆ ನಾನು. ದುರುಗಮ್ಮ ದೂರ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕೆಂದು ಅಪ್ಪಣೆಯಾಯಿತು. ಪ್ರಭುರಾಜರೂ ಹಾಗೇ ನಿಂತರು. ಹಾಲೇಶ ಹಗ್ಗ ಬಿಚ್ಚಿದ.

ಎತ್ತು ನಮ್ಮನ್ನು ನೋಡಿತು. ನಿಧಾನವಾಗಿ ಬಂತು. ಸರ್ ಹಿಡಿದ ಎಡಭಾಗವನ್ನು ಒಮ್ಮೆ ಮೂಸಿತು.

ಪ್ರಭುರಾಜ ಓರೆಗಣ್ಣಿನಲ್ಲಿ ನೋಡಿ ಮುಗುಳ್ನಕ್ಕರು.

ಎತ್ತು ಸರ್ ಅವರ ಪಾದದ ಮೇಲೆ ಕಾಲಿಟ್ಟು, ಅವರನ್ನು ಬದಿಗೆ ತಳ್ಳಿ, ಸುತ್ತು ಹಾಕಿ ಬಂದು ನನ್ನ ಮುಂದೆ ನಿಂತಿತು. ನೊಗದ ಬಲಭಾಗಕ್ಕೆ ಕೊರಳು ತಗ್ಗಿಸಿ ಕೊಟ್ಟಿತು.

"ಇನ್ನೊಂದ್ಸಲ," ಎಂದರು ಸರ್, ಒಂಟಿಗಾಲಿನಲ್ಲಿ ನಿಂತು. ಹಾಲೇಶ ಅದನ್ನು ಎಡಕ್ಕೆ ಎಳೆದು ನಿಲ್ಲಿಸಿದ. ಅದು ತಿರುಗಿ ಬಲಕ್ಕೆ ಬಂತು. ಬರುವಾಗ ಅದೇ ಪಾದವನ್ನೇ ತುಳಿಯಿತು.

"ಕಲೆಕ್ಟರ್," ಎಂದರು ಸರ್ ನೋವಿನಲ್ಲಿ ಹಲ್ಲು ಕಚ್ಚಿ. ಆದರೆ ಅವರ ಮುಖ ನೋಡಬೇಕಿತ್ತು. ಆ ಮನುಷ್ಯನ ಮೇಲೆ ನನಗೆ ಆಗ ಬಂದ ಅಭಿಮಾನವನ್ನು ಅವರಿಗೆ ಎಂದೂ ಹೇಳಲಾರೆ, ಹೇಳಿದರೆ ತಲೆ ತಿರುಗುತ್ತದೆ.

"ಪ್ರಭುರಾಜರೇ, ಈಗ ನನಗೊಂದು ಕಾಣಸಾಕತ್ತದ. ಸುಬೇದಾರ ಕಾಣೆಯಾದ ಅಂದವರು ನೀವು. ಗೆಜ್ಜೆಸರ ಬೇಲಿ ಮ್ಯಾಲೆ ಕಂಡವರು ನೀವು. ಮನಿಯಾಗ ಉಳದದ್ದು ಕಲೆಕ್ಟರ್ ಅಂದವರೂ ನೀವೇ. ಈ ಕೇಸಿನಾಗ ನಮಗ ಗೊತ್ತಿದ್ದದ್ದೆಲ್ಲಾ ಒಂದೇ ಬಾಯಿಂದ ಬಂದದ. ಒಂದೇ ಬಾಯಿ ಮಾತು ಸಾಕ್ಷಿ ಅಲ್ಲ. ಅದು ಬರೇ ಹೊಗಳುಭಟರ ಚರಿತ್ರೆ."

ದುರುಗಮ್ಮ ಗೋಡೆಯಿಂದ ತಿರುಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ನೊಗ ಕೆಳಗಿಟ್ಟು ಸೊಂಟ ಹಿಡಿದುಕೊಂಡೆ. ಪೊಲೀಸರಿರುವಾಗ ಈ ಮನುಷ್ಯ ನಮ್ಮಂಥವರ ಬಳಿ ಯಾಕೆ ಬಂದ ಎಂಬ ಪ್ರಶ್ನೆ ಮೊದಲ ದಿನದಿಂದ ನನ್ನ ತಲೆಯಲ್ಲಿತ್ತು. ಈಗ ಅದು ಮತ್ತೆ ಎದ್ದಿತು.

ಪ್ರಭುರಾಜ ಹೆದರಲಿಲ್ಲ. ಕೈವಸ್ತ್ರ ಮಡಚಿ ಜೇಬಿಗಿಟ್ಟರು.

"ದುಃಖದಾಗ ಗುರುತು ತಪ್ಪಿತು ಸರ್. ನಾನು ಮನುಷ್ಯಾನೇ ಅಲ್ಲೇನು. ಹಂಗಾದ್ರ ಸುಬೇದಾರ ಮನಿಯಾಗೇ ಇರಬೇಕು. ಚಲೋ ಆತು. ಫೋನ್ ಹಚ್ಚಿ ಕೇಳ್ರಿ. ಆ ಹುಡುಗಿ ಈಗ ಅಲ್ಲೇ ಇರಬೇಕಲ್ಲ?"

ಅವರು ಗಡಿಯಾರ ನೋಡಿಕೊಂಡದ್ದು ನನಗೆ ಸರಿಬರಲಿಲ್ಲ.

ಸರ್ ಫೋನು ಹಚ್ಚುವಷ್ಟರಲ್ಲಿ ಅದೇ ಮೊಳಗಿತು. ಮೌನೇಶ್ವರಿ. ಎಲ್ಲರಿಗೂ ಕೇಳುವಂತೆ ಇಟ್ಟರು.

"ಸರ್, ಇಲ್ಲಿ ಎತ್ತಿಲ್ಲ."

"ಯಾವ ಎತ್ತಿಲ್ಲ?"

"ಯಾವ ಎತ್ತೂ ಇಲ್ಲ. ಎರಡೂ ಗೂಟ ಖಾಲಿ ಅದಾವ. ಬಾಗಿಲ ತೆರದಿತ್ತು, ಯಾರೂ ಇರಲಿಲ್ಲ, ಒಳಗ ಬಂದೆ. ಬಂದ ಕೂಡ್ಲೇ ಹೊರಗಿಂದ ಚಿಲಕ ಹಾಕ್ಯಾರ." ಅವಳ ಧ್ವನಿಯ ಹಿಂದೆ ಬಾಗಿಲು ಬಡಿಯುವ ಸದ್ದಿತ್ತು, ಜನರ ಗದ್ದಲವಿತ್ತು. "ಮಂದಿ ಕೂಡ್ಯಾರ ಸರ್. ಒಂದು ಒಯ್ದಾಕಿ ಇನ್ನೊಂದಕ್ಕ ಬಂದಾಳ, ಕೈಯಾಗ ಸಿಕ್ಕಳು ಅನ್ನಾಕತ್ತಾರ. ಜೀಪ್ ಬಂದಂಗ ಕೇಳತದ. ನಾನು ಏನು ಹೇಳಲಿ?"

ದುರುಗಮ್ಮ ಗೋಡೆ ಬಿಟ್ಟು ಫೋನಿನ ಹತ್ತಿರ ಬಂದಳು. ಅವಳು ಸರ್ ಮುಖವನ್ನೇ ನೋಡುತ್ತಿದ್ದಳು.

"ಹೆದರಬ್ಯಾಡ," ಎಂದರು ಸರ್. "ಮಾಲೀಕರ ಒಪ್ಪಿಗಿ ತಗೊಂಡೇ ಬಂದೀನಿ ಅಂತ ಹೇಳು. ನಾನು ಅವರಿಗೆ ಫೋನ್ ಮಾಡಿ ಕೇಳೀನಿ. ಇಲ್ಲೇ ಅದಾರ, ಹೇಳತಾರ. ಹೇಳ್ರಿ ಪ್ರಭುರಾಜರೇ."

ಪ್ರಭುರಾಜ ಎತ್ತಿನ ಬೆನ್ನು ಸವರುತ್ತಿದ್ದರು.

"ನಾನು ಒಪ್ಪಿಗಿ ಕೊಟ್ಟೀನಂತ ಯಾರು ಹೇಳಿದ್ರು?"

"ನಾನೇ ಹೇಳಾಕತ್ತೀನಲ್ಲ. ಬೇವಿನ ಗಿಡದ ಆಚಿಗೆ ನಿಂತು ಮಾತಾಡೀನಿ. ಅವಶ್ಯ ಕಳಸ್ರಿ ಅಂದ್ರಿ."

"ಬ್ಯಾರೆ ಯಾರರ ಕೇಳಿಸಿಕೊಂಡಾರೇನು?"

ಸರ್ ನನ್ನ ಕಡೆ ನೋಡಿದರು. ಅವರು ಮಾತಾಡುವಾಗ ನಾನು ದುರುಗಮ್ಮನ ಅಂಗಳದಲ್ಲಿ ಕಾರಿನ ಕೀಲಿ ಹುಡುಕುತ್ತಿದ್ದೆ. ನಾನು ಕೇಳಿದ್ದು ಸರ್ ಬಾಯಿಂದ, ಆಮೇಲೆ.

ಫೋನಿನಲ್ಲಿ ಚಿಲಕ ತೆಗೆಯುವ ಸದ್ದು ಬಂತು.

"ಹಂಗಾದ್ರ ಒಂದೇ ಬಾಯಿ ಆತಲ್ಲ ಸರ್," ಎಂದರು ಪ್ರಭುರಾಜ. "ಅದು ಸಾಕ್ಷಿ ಅಲ್ಲ ಅಂತ ಈಗ ನೀವೇ ಕಲಿಸಿದ್ರಿ."